ಕಾಳಿಯ ಕಲ್ಲು: ಆತಕೂರು ಶಾಸನದಲ್ಲಿ ನಾಯಿಯ ಸ್ಮರಣೆ

೧

ಕನ್ನಡ ಶಾಸನಗಳ ಅಧ್ಯಯನಕಾರರಿಗೆ ಆತಕೂರು ಶಾಸನ ಅಪರಿಚಿತವಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಶಕವರ್ಷ ೮೭೨ರ, ಅಂದರೆ ಕ್ರಿ.ಶ. ೯೪೯-೫೦ರ ಕಾಲದ್ದು. ರೈಸ್ ಮತ್ತು ಫ್ಲೀಟ್ ಅವರ ಕಾಲದಿಂದಲೂ ಇದು ವಿದ್ವಾಂಸರ ಗಮನವನ್ನು ಸೆಳೆಯುತ್ತ ಬಂದಿದೆ. ಆದರೆ ಆ ಗಮನವೆಲ್ಲ ಬಹುಮಟ್ಟಿಗೆ ಶಾಸನದಲ್ಲಿ ಬರುವ ಯುದ್ಧವೊಂದರ ಮೇಲೆ ನೆಟ್ಟಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಕಾಳಗಕ್ಕೆ ಇದು ಮುಖ್ಯ ಆಧಾರ. ಕೃಷ್ಣನ ಮೈದುನನೂ ಗಂಗರ ಅರಸನೂ ಆದ ಇಮ್ಮಡಿ ಬೂತುಗ ಆ ಕಾಳಗದಲ್ಲಿ ರಾಜಾದಿತ್ಯನನ್ನು ಕೊಂದನೆಂದು ಇದು ಹೇಳುತ್ತದೆ. ಮೋಸದಿಂದ ಕೊಂದನೇ, ಆನೆಯ ಮೇಲಿನ ಅಂಬಾರಿಯನ್ನೇ ರಣಕಣವಾಗಿಸಿಕೊಂಡು ಕೊಂದನೇ ಎಂಬ ಪ್ರಶ್ನೆ ಒಂದು ಪದದ ಪಾಠವನ್ನು ಅವಲಂಬಿಸಿರುವುದರಿಂದ ಅದರ ಬಗೆಗಿನ ಚರ್ಚೆ ದೀರ್ಘವಾಗಿಯೇ ನಡೆದಿದೆ.

ಈ ಚರ್ಚೆಯ ನಡುವೆ ನಾವು ಮರೆಯುವ ಸಂಗತಿಯೊಂದಿದೆ. ಈ ಕಲ್ಲನ್ನು ನಿಲ್ಲಿಸಿದ್ದು ಬೂತುಗನಿಗಾಗಿ ಅಲ್ಲ, ಕೃಷ್ಣನಿಗಾಗಿಯೂ ಅಲ್ಲ. ಅದನ್ನು ನಿಲ್ಲಿಸಿದ್ದು ಕಾಳಿ ಎಂಬ ಒಂದು ನಾಯಿಗಾಗಿ. ಕಲ್ಲಿನ ಮೇಲಿರುವ ಉಬ್ಬುಶಿಲ್ಪದಲ್ಲಿ ಕಾದುತ್ತಿರುವುದು ಅರಸರಲ್ಲ. ಒಂದು ನಾಯಿ ಮತ್ತು ಒಂದು ಹಂದಿ. ಆ ನಾಯಿ ಸಾಯದೆ ಇದ್ದಿದ್ದರೆ, ಅಥವಾ ಸತ್ತ ನಾಯಿಯನ್ನು ಅದರ ಒಡೆಯ ಮರೆತುಬಿಟ್ಟಿದ್ದರೆ, ತಕ್ಕೋಲದ ಕಾಳಗದ ಈ ವಿವರಗಳು ನಮಗೆ ತಲುಪುತ್ತಿರಲಿಲ್ಲ. ನಾಯಿಯ ನೆನಪಿಗೆ ನಿಂತ ಕಲ್ಲನ್ನು ಇತಿಹಾಸಕಾರರು ಅರಸರ ಕಲ್ಲಾಗಿ ಓದಿದ್ದಾರೆ. ಅದನ್ನು ಮತ್ತೆ ನಾಯಿಯ ಕಲ್ಲಾಗಿ ಓದಿದರೆ ಏನು ಕಾಣುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಶಾಸನದ ಕಥನವನ್ನು ಸಂಕ್ಷೇಪವಾಗಿ ಹೀಗೆ ನಿರೂಪಿಸಬಹುದು. ಸಗರ ವಂಶದ ಮಣಲೆರ ಬೂತುಗನ ಸೇವೆಯಲ್ಲಿದ್ದ ವೀರ. ಚೋಳರ ಮೇಲಿನ ಕಾಳಗದಲ್ಲಿ ಅವನು ತೋರಿದ ಪರಾಕ್ರಮವನ್ನು ಕಂಡು ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳಲು ಹೇಳುತ್ತಾನೆ. ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕೇಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರಿನಲ್ಲಿ ಕಲ್ಲನ್ನು ನಡಿಸಿ, ಊರ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ದತ್ತಿಯಾಗಿ ಬಿಡಲಾಯಿತು.

ಇಲ್ಲಿ ಮೊದಲು ಗಮನಿಸಬೇಕಾದುದು ಮಣಲೆರನ ಬೇಡಿಕೆ. ಅದರ ತೂಕ ತಿಳಿಯಬೇಕಾದರೆ ಅದೇ ಶಾಸನದಲ್ಲಿರುವ ಇತರ ಕೊಡುಗೆಗಳೊಡನೆ ಅದನ್ನು ಇಟ್ಟು ನೋಡಬೇಕು. ರಾಜಾದಿತ್ಯನನ್ನು ಕೊಂದುದಕ್ಕಾಗಿ ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ಪ್ರದೇಶಗಳನ್ನು ಕೊಟ್ಟನು. ಬೂತುಗನು ತನ್ನ ಪಾಲಿನಿಂದ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಊರೊಂದನ್ನೂ ಬಾಳ್ಗಚ್ಚಾಗಿ ಕೊಟ್ಟನು. ನೆತ್ತರು ಹತ್ತಿದ ಕತ್ತಿಯನ್ನು ತೊಳೆದು ಕೊಡುವ ಗೌರವದ ಕೊಡುಗೆ ಅದು. ಈ ಕೊಡುಗೆಗಳ ಲೋಕದಲ್ಲಿ ಎಲ್ಲವನ್ನೂ ಸಂಖ್ಯೆಗಳಿಂದ ಅಳೆಯಲಾಗುತ್ತದೆ. ನಾಯಿಗೆ ಮಾತ್ರ ಅಂಥ ಅಳತೆಯಿಲ್ಲ. ಊರುಗಳು ಒಡೆಯನು ಮನಗಂಡು ಕೊಟ್ಟವು. ಕಾಳಿ ವೀರನು ತಾನಾಗಿ ಬಾಯಿಬಿಟ್ಟು ಬೇಡಿ ಪಡೆದದ್ದು. ಮೆಚ್ಚಿನ ಒಡೆಯನ ಮುಂದೆ ನಿಂತಾಗ ಮನುಷ್ಯನೊಬ್ಬನ ಬಾಯಿಂದ ಮೊದಲು ಹೊರಟ ಹೆಸರು ನಾಯಿಯದು ಎಂಬುದೇ ಈ ಶಾಸನದ ಭಾವಕೇಂದ್ರವೆಂದು ನನಗೆ ತೋರುತ್ತದೆ.

ಎರಡನೆಯದು ಸಾವಿನ ನಿರೂಪಣೆ. ಈ ಶಾಸನದ ಕಾಲವನ್ನು ನೆನೆಯಬೇಕು. ಪಂಪನು ವಿಕ್ರಮಾರ್ಜುನವಿಜಯವನ್ನು ಮುಗಿಸಿ (೯೪೧) ಇನ್ನೂ ಹತ್ತು ವರ್ಷ ತುಂಬಿಲ್ಲ. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಕೊಟ್ಟವನು ಇದೇ ಮುಮ್ಮಡಿ ಕೃಷ್ಣ. ವೀರನ ಸಾವನ್ನು ವರ್ಣಿಸಲು ಬೇಕಾದ ಪದಸಂಪತ್ತೆಲ್ಲ ಕನ್ನಡದಲ್ಲಿ ಆಗ ಸಿದ್ಧವಾಗಿತ್ತು. ಮಣಲೆರನ ಪರಾಕ್ರಮವನ್ನು ಹೊಗಳುವಾಗ ಶಾಸನವೂ ಆ ಸಂಪತ್ತನ್ನು ಬಳಸಿಕೊಂಡಿದೆ. ಆದರೆ ನಾಯಿಯ ಬಳಿಗೆ ಬರುತ್ತಲೇ ಭಾಷೆ ಬರಿಯ ಗದ್ಯವಾಗುತ್ತದೆ. ನಾಡು, ಊರು, ದಿಕ್ಕು, ದಿಣ್ಣೆ, ಹಂದಿ, ನಾಯಿ. ಕೊನೆಗೆ ಎರಡೂ ಒಡನೆ ಸತ್ತವು ಎಂಬರ್ಥದ ಒಂದೇ ಕ್ರಿಯಾಪದ. ಕೊಂದದ್ದಕ್ಕೂ ಸತ್ತದ್ದಕ್ಕೂ ಬೇರೆ ಬೇರೆ ಮಾತುಗಳಿಲ್ಲ. ಬೇಟೆಯ ಪ್ರಾಣಿಗೂ ಬೇಟೆಯಾಡಿದ ಪ್ರಾಣಿಗೂ ಸಾವು ಒಂದೇ ಪದದಲ್ಲಿ ಸಮನಾಗಿ ಬಂದಿದೆ. ದುಃಖವನ್ನು ಹೇಳುವ ಒಂದು ವಿಶೇಷಣವೂ ಇಲ್ಲ. ಆದರೂ ಸತ್ತ ಜಾಗವನ್ನು ಇಷ್ಟು ಖಚಿತವಾಗಿ ಗುರುತಿಸಿರುವುದನ್ನು ನೋಡಿದರೆ, ಮನೆಯ ಪ್ರಾಣಿಯನ್ನು ಕಳೆದುಕೊಂಡವರು ಯಾವ ಮೂಲೆಯಲ್ಲಿ, ಯಾವ ಹೊತ್ತಿನಲ್ಲಿ ಎಂದು ವಿವರಿಸಿ ಹೇಳುವ ರೀತಿ ನೆನಪಿಗೆ ಬರುತ್ತದೆ.

ಮೂರನೆಯದು, ಇಲ್ಲಿ ಸ್ವರ್ಗವಿಲ್ಲದಿರುವುದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬), ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನ, ೧೯೮೨ರಲ್ಲಿ ಎಸ್. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಇವುಗಳಿಂದ ವೀರಗಲ್ಲಿನ ಸಾಮಾನ್ಯ ವಿನ್ಯಾಸ ನಮಗೆ ತಿಳಿದಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೈವಸನ್ನಿಧಿ ಎಂಬುದು ರೂಢವಾದ ಕ್ರಮ. ಆತಕೂರಿನ ಕಲ್ಲಿನಲ್ಲಿ ಕಾಳಗವಷ್ಟೇ ಇದೆ. ಕಾಳಿಯನ್ನು ಯಾರೂ ಎಲ್ಲಿಗೂ ಕೊಂಡೊಯ್ಯುವುದಿಲ್ಲ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನನ್ನು ಕೊನೆಯವರೆಗೂ ಹಿಂಬಾಲಿಸುವ ನಾಯಿ ನಮ್ಮ ಸಂಪ್ರದಾಯದ ಅತ್ಯಂತ ಗೌರವದ ನಾಯಿ. ಅದಿಲ್ಲದೆ ಸ್ವರ್ಗವೂ ಬೇಡವೆನ್ನುವ ಧರ್ಮರಾಯನ ನಿಲುವು ದೊಡ್ಡದು. ಆದರೆ ಕಥೆಯ ಕೊನೆಯಲ್ಲಿ ಆ ನಾಯಿ ನಾಯಿಯಾಗಿ ಉಳಿಯುವುದಿಲ್ಲ, ಯಮಧರ್ಮನಾಗಿ ಪ್ರಕಟವಾಗುತ್ತದೆ. ಕಾಳಿಗೆ ಅಂಥ ರೂಪಾಂತರ ಬೇಕಾಗಿಲ್ಲ. ಅದು ನಾಯಿಯಾಗಿಯೇ ಬದುಕಿ, ನಾಯಿಯಾಗಿಯೇ ಸತ್ತು, ನಾಯಿಯಾಗಿಯೇ ಪೂಜೆಗೊಳ್ಳುತ್ತದೆ.

೩

ಶಾಸನದ ಅತ್ಯಂತ ತೊಡಕಿನ, ಆದರೆ ಅತ್ಯಂತ ಅರ್ಥಪೂರ್ಣವಾದ ಭಾಗ ಅದರ ಶಾಪಾಶಯ. ದತ್ತಿಯನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂದೋ, ಅವರು ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವರೆಂದೋ ಹೇಳುವುದು ಕನ್ನಡ ಶಾಸನಗಳ ವಾಡಿಕೆ. ಆತಕೂರಿನಲ್ಲಿ ಈ ಸಿದ್ಧಮಾದರಿ ಬದಲಾಗಿದೆ. ಭೂಮಿಯ ದತ್ತಿಯನ್ನು ಕೆಡಿಸಿದವನು ಆ ನಾಯಿ ಮಾಡಿದ ಪಾಪವನ್ನು ಹೊರುತ್ತಾನೆ. ಆ ಸ್ಥಾನವನ್ನು ಆಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನೂ ನಾಯಿ ಮಾಡಿದ ಪಾಪವನ್ನು ಹೊರುತ್ತಾನೆ ಎಂಬುದು ಇಲ್ಲಿನ ಆಶಯ.

ನಾಯಿ ಮಾಡಿದ ಪಾಪ ಯಾವುದು? ಮೊದಲ ನೋಟಕ್ಕೆ ಇದು ತಾರತಮ್ಯದ ಮಾತಾಗಿ ಕಾಣುತ್ತದೆ. ಪಾಪದ ಫಲವಾಗಿಯೇ ನಾಯಿಯ ಜನ್ಮ ಬಂದಿದೆ, ಆದ್ದರಿಂದ ಅದರ ಪಾಪ ಘೋರವಾದದ್ದು ಎಂದು ಅರ್ಥಮಾಡುವುದು ಸಾಧ್ಯ. ಹಾಗೆ ಓದಿದರೆ, ಕಲ್ಲನ್ನು ನಿಲ್ಲಿಸಿ ಗೌರವಿಸಿದ ಕೈಯೇ ಶಾಪದ ಸಾಲಿನಲ್ಲಿ ನಾಯಿಯನ್ನು ಮತ್ತೆ ಅದರ ಕೀಳು ನೆಲೆಗೆ ತಳ್ಳಿದಂತಾಗುತ್ತದೆ. ನಾಯಿಯನ್ನು ಬೈಗುಳಕ್ಕೂ ಹೀನೋಪಮೆಗೂ ಬಳಸುವ ನಮ್ಮ ಗಾದೆಗಳ ಹಾಗೂ ಅನುಭಾವ ಸಾಹಿತ್ಯದ ಹಿನ್ನೆಲೆಯಲ್ಲಿ ಈ ಅರ್ಥವನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಇನ್ನೊಂದು ಅರ್ಥವೂ ಸಾಧ್ಯವೆಂದು ಸೂಚಿಸಬಯಸುತ್ತೇನೆ. ಕಾಳಿ ಮಾಡಿದ್ದು ಕೊಲೆಯನ್ನು; ಕೊಂದದ್ದು ತನ್ನ ಹಸಿವಿಗಾಗಿ ಅಲ್ಲ, ಒಡೆಯನು ಬಿಟ್ಟನೆಂಬ ಕಾರಣಕ್ಕಾಗಿ. ಬೇಟೆಯ ಕೀರ್ತಿ ಒಡೆಯನಿಗೆ ಸಲ್ಲುತ್ತದೆ, ಬೇಟೆಯ ಪಾಪ ನಾಯಿಯ ಪಾಲಿಗೆ ಬರುತ್ತದೆ. ಆ ಪಾಪದ ಪರಿಹಾರಕ್ಕೆಂದೇ ದೇವಾಲಯದ ಎದುರಿಗೆ ಕಲ್ಲು, ಪೂಜೆ, ಎರಡು ಕಂಡುಗ ಮಣ್ಣು ಏರ್ಪಾಡಾಗಿವೆ ಎಂದು ಗ್ರಹಿಸಿದರೆ ಶಾಪದ ತರ್ಕ ಸ್ಪಷ್ಟವಾಗುತ್ತದೆ. ಪೂಜೆ ನಡೆಯುವವರೆಗೆ ನಾಯಿಯ ಮೇಲೆ ಪಾಪದ ಭಾರವಿಲ್ಲ. ಪೂಜೆ ನಿಂತ ದಿನ, ಅದನ್ನು ನಿಲ್ಲಿಸಿದವನ ತಲೆಯ ಮೇಲೆ ಅದು ಬಂದು ಕೂರುತ್ತದೆ. ಈ ಅರ್ಥದಲ್ಲಿ ಶಾಪವು ನಾಯಿಯ ನಿಂದೆಯಲ್ಲ. ಸತ್ತ ನಾಯಿಗಾಗಿ ಒಡೆಯನು ತೀರಿಸಲು ಯತ್ನಿಸಿದ ಋಣ. ಇದು ಒಂದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ಮೊದಲಿನ ಅರ್ಥಕ್ಕಿಂತ ಇದು ಶಾಸನದ ಒಟ್ಟು ವ್ಯವಸ್ಥೆಗೆ ಹೆಚ್ಚು ಹೊಂದುತ್ತದೆ.

ಗೊರವನ ಊಟಕ್ಕೂ ಪೂಜೆಗೂ ಹಾಕಿದ ಗಂಟು ಇನ್ನೂ ಕುತೂಹಲಕರ. ಧರ್ಮಶಾಸ್ತ್ರಗಳು ಹೇಳುವ ವೈಶ್ವದೇವದಲ್ಲಿ ಗೃಹಸ್ಥನು ಉಣ್ಣುವ ಮೊದಲು ನಾಯಿ ಮೊದಲಾದವುಗಳಿಗೆ ಅನ್ನವನ್ನು ನೆಲದ ಮೇಲೆ ಇಡಬೇಕು. ಅಲ್ಲಿ ನಾಯಿ ಮನುಷ್ಯನ ದಯೆಯನ್ನು ಪಡೆಯುವ ಪ್ರಾಣಿ. ಆತಕೂರಿನಲ್ಲಿ ಸಂಬಂಧ ತಿರುವುಮುರುವಾಗಿದೆ: ನಾಯಿಗೆ ಬಿಟ್ಟ ಮಣ್ಣಿನ ಅನ್ನವನ್ನು ಮನುಷ್ಯ ಉಣ್ಣುತ್ತಾನೆ, ಆದ್ದರಿಂದ ಉಣ್ಣುವ ಮೊದಲು ನಾಯಿಯನ್ನು ನೆನೆಯಬೇಕು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಈ ಕಲ್ಲು ನಾಯಿಯ ಮೇಲಿನ ಪ್ರೀತಿಗಿಂತ ಸಾಮಂತನ ಪ್ರತಿಷ್ಠೆಯನ್ನೇ ಸಾರುತ್ತದೆ ಎಂದು ಹೇಳಬಹುದು. ಮಣಲೆರನ ಬಿರುದಾವಳಿಗೆ ಇಲ್ಲಿ ಸಾಕಷ್ಟು ಸ್ಥಳ ದೊರೆತಿದೆ ಎಂಬುದು ನಿಜ. ಅರಸನಿಂದ ಬೇಡಿ ಪಡೆದ ನಾಯಿ ಅರಸನ ಮೆಚ್ಚುಗೆಯ ಗುರುತೂ ಹೌದು. ಆದರೆ ಪ್ರತಿಷ್ಠೆಗೆ ಕಲ್ಲೊಂದೇ ಸಾಕಾಗಿತ್ತು. ಪ್ರತಿದಿನದ ಊಟದ ಹೊತ್ತಿಗೆ, ಕಾಳಿಯನ್ನು ಕಂಡರಿಯದ ಗೊರವನೊಬ್ಬ, ತಾನು ಸತ್ತ ಮೇಲೂ ಅದನ್ನು ನೆನೆಯುತ್ತಿರಬೇಕೆಂಬ ಏರ್ಪಾಡು ಪ್ರತಿಷ್ಠೆಯಿಂದ ಮಾತ್ರ ಹುಟ್ಟುವಂಥದಲ್ಲ. ಶಾಸನ ದುಃಖವನ್ನು ವರ್ಣಿಸುವುದಿಲ್ಲ, ಅದನ್ನು ಕರ್ತವ್ಯವಾಗಿ ಪರಿವರ್ತಿಸಿ ಇತರರಿಗೆ ಹಂಚುತ್ತದೆ. ಕಾಳಿಯ ಕಲ್ಲಿನ ವೈಶಿಷ್ಟ್ಯ ಇದೇ ಎಂಬುದು ನನ್ನ ವಾದ.

೪

ಹೊರನಾಡಿನ ಸಂಶೋಧಕರಿಗೆ ಇದಕ್ಕೆ ಹತ್ತಿರದ ಎರಡು ಹೋಲಿಕೆಗಳು ಉಪಯುಕ್ತವಾಗಬಹುದು. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ ವೀರಗಲ್ಲೊಂದಿದೆ. ತುರುಗಾಳಗದಲ್ಲಿ ಮಡಿದ ವೀರನೊಡನೆ ಅವನ ನಾಯಿಯ ಚಿತ್ರವೂ ಇದೆ. ಕೋವಿವನ್ ಎಂಬ ಆ ನಾಯಿ ಕಳ್ಳರನ್ನು ಕಚ್ಚಿ ಕಾವಲು ನಿಂತುದನ್ನು ಪ್ರತ್ಯೇಕವಾದ ಬರಹ ದಾಖಲಿಸುತ್ತದೆ. ಆತಕೂರಿಗಿಂತ ಮೂರು ಶತಮಾನ ಹಿಂದಿನ ಈ ಕಲ್ಲಿನಲ್ಲಿ ನಾಯಿಗೆ ಹೆಸರೂ ವಾಕ್ಯವೂ ದೊರೆತಿವೆ. ಆದರೆ ಕಲ್ಲು ವೀರನದು, ನಾಯಿ ಅವನ ಸಂಗಾತಿ. ಆತಕೂರಿನಲ್ಲಿ ಕಲ್ಲೇ ನಾಯಿಯದು, ವೀರನು ಅಲ್ಲಿ ಬದುಕುಳಿದ ಸಂಗಾತಿ.

ಇನ್ನೊಂದು ಹೋಲಿಕೆ ಮಹಾರಾಷ್ಟ್ರದ ರಾಯಗಡದ್ದು. ಶಿವಾಜಿ ಮಹಾರಾಜರ ಸಮಾಧಿಯ ಸಮೀಪದಲ್ಲಿ ವಾಘ್ಯಾ ಎಂಬ ನಾಯಿಯ ಸ್ಮಾರಕವಿದೆ. ಒಡೆಯನ ಚಿತೆಗೆ ಹಾರಿ ಪ್ರಾಣಬಿಟ್ಟಿತೆಂಬುದು ಅದರ ಐತಿಹ್ಯ. ಸ್ಮಾರಕ ಸ್ಥಾಪನೆಯಾದದ್ದು ೧೯೩೬ರಲ್ಲಿ. ಐತಿಹ್ಯಕ್ಕೆ ಸಮಕಾಲೀನ ದಾಖಲೆಯಿಲ್ಲವೆಂಬ ಆಕ್ಷೇಪದ ಮೇಲೆ ೨೦೧೨ರಲ್ಲಿ ಪ್ರತಿಮೆಯನ್ನು ಕಿತ್ತುಹಾಕಿದ್ದು, ಮತ್ತೆ ಸ್ಥಾಪಿಸಿದ್ದು, ೨೦೨೫ರಲ್ಲಿ ವಿವಾದ ಪುನಃ ತಲೆಯೆತ್ತಿದ್ದು ಮುಂಬಯಿ, ಪುಣೆಗಳ ಓದುಗರಿಗೆ ತಿಳಿದ ವಿಷಯ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವಾದ ವೈದೃಶ್ಯ ಕಾಣುತ್ತದೆ. ವಾಘ್ಯಾನಿಗೆ ದಾಖಲೆಯಿಲ್ಲ, ಆದರೆ ಅದಕ್ಕಾಗಿ ಜಗಳವಾಡುವಷ್ಟು ಜನರ ನೆನಪಿದೆ. ಕಾಳಿಗೆ ವರ್ಷ, ಸ್ಥಳ, ದತ್ತಿಗಳ ಸಮೇತ ದಾಖಲೆಯಿದೆ, ಜನರ ನೆನಪಿಲ್ಲ.

ವಾಘ್ಯಾ ಎಂಬ ಹೆಸರು ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ಜೇಜುರಿಯ ಖಂಡೋಬನ ಭಕ್ತರಿಗೂ ವಾಘ್ಯಾ ಎಂದೇ ಹೆಸರು. ಅವರು ದೈವದ ನಾಯಿಗಳಾಗಿ ಬೊಗಳುವ ಆಚರಣೆಯಿದೆ. ನಮ್ಮ ಮೈಲಾರನ ವಗ್ಗಯ್ಯಗಳೂ ಗೊರವರೂ ಹಾಗೆಯೇ ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ ಆಹಾರಕ್ಕೆ ಬಾಯಿಟ್ಟು ತಿನ್ನುತ್ತಾರೆ. ಆತಕೂರಿನ ಗೊರವ ಹತ್ತನೆಯ ಶತಮಾನದ ಶೈವಸ್ಥಾನದ ಅಧಿಕಾರಿ. ಅವನನ್ನು ಇಂದಿನ ಮೈಲಾರನ ಗೊರವನೊಡನೆ ಏಕಾಏಕಿ ಸಮೀಕರಿಸುವುದು ತಪ್ಪಾದೀತು. ಆದರೂ ನಾಯಿಯನ್ನು ಕೀಳೆಂದು ಬಗೆದ ಸಮಾಜದೊಳಗೇ ನಾಯಿತನವನ್ನು ಭಕ್ತಿಯ ನೆಲೆಯಾಗಿ ಸ್ವೀಕರಿಸಿದ ಧಾರೆಯೊಂದು ದಖ್ಖನಿನಲ್ಲಿ ಹರಿದಿದೆ ಎಂಬುದು ಗಮನಾರ್ಹ.

೫

ಕಾಳಿಯ ಕಲ್ಲು ಎತ್ತುವ ಕೊನೆಯ ಪ್ರಶ್ನೆ ಅಧಿಕಾರದ್ದು. ಕಲ್ಲು ನಿಲ್ಲಿಸಲು ಊರು ಬೇಕು, ಬರೆಯುವವನು ಬೇಕು, ಬಿಡಲು ಮಣ್ಣು ಬೇಕು. ಇವೆಲ್ಲ ಇಲ್ಲದವನ ನಾಯಿ ಸತ್ತರೆ ಅದರ ಸ್ಮರಣೆ ಏನಾಗುತ್ತದೆ?

ಸಾವಿರ ವರ್ಷಗಳ ನಂತರ ಕನ್ನಡದಲ್ಲಿ ಇದಕ್ಕೆ ಉತ್ತರ ಕೊಟ್ಟ ಕೃತಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭). ಅದರಲ್ಲಿನ ಗುತ್ತಿ ಸಿಂಬಾವಿಯ ಹೆಗ್ಗಡೆಯವರ ಜೀತದಾಳು, ಹೊಲೆಯನೆಂದು ದೂರವಿಡಲ್ಪಟ್ಟವನು. ಹುಲಿಯ ಎಂಬ ನಾಯಿ ಅವನನ್ನು ಬಿಟ್ಟಿರದ ಕಾರಣ ಅವನು ನಾಯಿಗುತ್ತಿ. ಮಣಲೆರನ ನಾಯಿಯನ್ನು ಒಡೆಯನ ಬಿರುದುಗಳ ನಡುವೆ ಕಂಡೆವು. ಇಲ್ಲಿ ನಾಯಿಯೇ ಒಡೆಯನ ಬಿರುದಾಗಿದೆ. ತಿಮ್ಮಿಯನ್ನು ಕರೆದುಕೊಂಡು ಗುತ್ತಿ ಹೊಸ ಬದುಕಿನತ್ತ ಓಡುವ ಹಾದಿಯಲ್ಲಿ, ಕಾದಂಬರಿಯ ಕೊನೆಯ ಭಾಗದಲ್ಲಿ, ಪ್ರವಾಹದ ತುಂಗೆಯನ್ನು ದಾಟುವಾಗ ಹುಲಿಯ ನೀರುಪಾಲಾಗುತ್ತದೆ. ಗುತ್ತಿ ಕಲ್ಲನ್ನು ನಿಲ್ಲಿಸಲಾರ. ತನ್ನದೆನ್ನುವ ಒಂದು ಹಿಡಿ ಮಣ್ಣೂ ಅವನಿಗಿಲ್ಲ; ಹೂಳಲು ದೇಹವೂ ಸಿಕ್ಕದು. ಹುಲಿಯನ ಸ್ಮಾರಕವನ್ನು ಕಾದಂಬರಿಕಾರರೇ ಕಟ್ಟಬೇಕಾಯಿತು. ಇಡೀ ಕೃತಿಯುದ್ದಕ್ಕೂ ಅದರ ನಡೆ, ಅಂಜಿಕೆ, ಸಂಭ್ರಮಗಳನ್ನು ಯಾವ ಹೆಗ್ಗಡೆಗೂ ಕಡಿಮೆಯಿಲ್ಲದ ಗಮನದಿಂದ ಬರೆದು ಅವರು ಅದನ್ನು ಕಟ್ಟಿದ್ದಾರೆ. ಆದ್ದರಿಂದಲೇ ಆ ಸಾವು ಓದುಗನಿಗೆ ಪ್ರಾಣಿಯೊಂದರ ಸಾವಾಗಿ ಅಲ್ಲ, ಒಬ್ಬ ಪರಿಚಿತನ ಸಾವಾಗಿ ತಟ್ಟುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಮತ್ತು ‘ಪರಿಸರದ ಕಥೆ’ (೧೯೯೧) ಕೃತಿಗಳ ಕಿವಿ ಎಂಬ ನಾಯಿಯೂ ಈ ಪರಂಪರೆಗೆ ಸೇರಿದ್ದು. ಅಲ್ಲಿ ಶೋಕಕ್ಕಿಂತ ವಿನೋದ ಹೆಚ್ಚು. ಆದರೆ ನಾಯಿಗೊಂದು ಸ್ವಂತ ಸ್ವಭಾವವಿದೆ ಎಂಬ ನಂಬಿಕೆ ಅದೇ.

ಕಾಳಿ, ಹುಲಿಯ, ವಾಘ್ಯಾ, ಕಿವಿ, ಕೋವಿವನ್ ಇವೆಲ್ಲ ಹೆಸರುಗಳು. ಹುಲಿಯನೂ ವಾಘ್ಯಾನೂ ಒಂದೇ ಅರ್ಥದ ಎರಡು ಭಾಷೆಯ ಪದಗಳು ಎಂಬುದನ್ನು ಗಮನಿಸಿದರೆ, ಮರಾಠಿ ಮನೆಯಲ್ಲೂ ಕನ್ನಡ ಮನೆಯಲ್ಲೂ ನಾಯಿಯನ್ನು ಕರೆಯುವ ಪ್ರೀತಿ ಒಂದೇ ಎಂದು ತಿಳಿಯುತ್ತದೆ. ಇಂದಿನ ಮಹಾನಗರಗಳಲ್ಲಿ, ಬಾಡಿಗೆಯ ಮನೆಗಳಲ್ಲಿ, ಹಲವು ವರ್ಷ ಜೊತೆಗಿದ್ದ ನಾಯಿ ತೀರಿಕೊಂಡರೆ ಹೂಳಲು ಮೂರಡಿ ನೆಲ ಸಿಗುವುದೂ ಕಷ್ಟ. ಈ ಲೇಖಕನಿಗೂ ಅದರ ಅನುಭವವಿದೆ. ಉಳಿಯುವುದು ಒಂದು ಕೊರಳಪಟ್ಟಿ, ಒಂದೆರಡು ಭಾವಚಿತ್ರ, ಮನೆಯವರು ಮರೆತು ಒಮ್ಮೊಮ್ಮೆ ಕರೆದುಬಿಡುವ ಹೆಸರು. ಊಟಕ್ಕೆ ಕುಳಿತಾಗ ಕೈ ತಾನಾಗಿ ಒಂದು ತುತ್ತನ್ನು ಬದಿಗಿಡುತ್ತದೆ. ಆ ಕ್ಷಣದಲ್ಲಿ ಆತಕೂರಿನ ಗೊರವನಿಗೆ ವಿಧಿಸಿದ ನಿಯಮ ಅಷ್ಟು ದೂರದ್ದೆನಿಸುವುದಿಲ್ಲ.

ಕಲ್ಲು ಈಗ ಚಲ್ಲೇಶ್ವರನ ಎದುರಿಗಿಲ್ಲ. ಹಿರಿಯ ಕೆರೆಯ ಕೆಳಗಿನ ಎರಡು ಕಂಡುಗವನ್ನು ಕಾಳಿಯ ಹೆಸರಿನಲ್ಲಿ ಉಣ್ಣುವ ಗೊರವನೂ ಇಲ್ಲ. ಆ ಕಲ್ಲಿನಿಂದ ಇಂದು ಫಲವನ್ನು ಪಡೆಯುತ್ತಿರುವವರು ಸಂಶೋಧಕರಾದ ನಾವೇ. ತಕ್ಕೋಲದ ಆಧಾರವೆಂದು ಅದನ್ನು ಉಲ್ಲೇಖಿಸುವ ಪ್ರತಿಯೊಂದು ಪ್ರಬಂಧವೂ ನಾಯಿಯ ದತ್ತಿಯಿಂದ ಎತ್ತಿದ ತುತ್ತು. ಹಾಗೆ ಉಲ್ಲೇಖಿಸುವಾಗ ಒಂದು ವಾಕ್ಯದಲ್ಲಾದರೂ ಕಾಳಿಯ ಹೆಸರನ್ನು ಹೇಳಿದರೆ, ಶಾಸನವು ಗೊರವನಿಗೆ ಇಟ್ಟ ಕರಾರು ನಮ್ಮ ಪಾಲಿಗೂ ಸಂದಂತಾಗುತ್ತದೆ.